ಅಂಟಿಕೊಂಡ ಅಣು ತಿರುಗುತ್ತದೆಯೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಘನವಸ್ತುವಿನ ಮೇಲ್ಮೈಗೆ ಅನಿಲದ ಅಣುಗಳು ಅಂಟಿಕೊಳ್ಳುವ ಅಧಿಶೋಷಣೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಅಣುಗಳ ತಿರುಗಾಟಕ್ಕೆ ಸಂಬಂಧಿಸಿದವನ್ನಷ್ಟೇ ಈ ಸಲ ಆರಿಸಿದ್ದೇವೆ. ತರಂಗಸಂಖ್ಯೆಗಳೆಲ್ಲ ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಲೆಕ್ಕದಲ್ಲಿವೆ. ಪ್ರತಿ ಸಲ ಏಕಮಾನ ಬರೆದಿಲ್ಲ.

ಅನಿಲದಲ್ಲಿ ಗರಗರ ತಿರುಗುತ್ತಿದ್ದ ಅಣು ಲೋಹಕ್ಕೆ ಅಂಟಿಕೊಂಡ ಕೂಡಲೇ ತಿರುಗುವುದನ್ನು ನಿಲ್ಲಿಸಿಬಿಡುತ್ತದೆ ಎಂದು ನಮ್ಮ ಟಿಪ್ಪಣಿಯಲ್ಲಿದೆ. ಹಾಗಾದರೆ ಆ ಚಲನೆ ಎಲ್ಲಿಗೆ ಹೋಯಿತು?
(ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿವಮೊಗ್ಗ)

ಟಿಪ್ಪಣಿಯಲ್ಲಿ ‘ನಿಲ್ಲಿಸಿಬಿಡುತ್ತದೆ’ ಎಂಬುದನ್ನು ಹೊಡೆದುಹಾಕಿ ‘ಓಲಾಡತೊಡಗುತ್ತದೆ’ ಎಂದು ಬರೆದುಕೊಳ್ಳಿ. ಕೋಣೆಯ ಉಷ್ಣತೆಯಲ್ಲಿ ಸಾರಜನಕದ ಅಣು ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಸುತ್ತು ಹಾಕುತ್ತಿರುತ್ತದೆ. ಅಂಟಿಕೊಳ್ಳುವಾಗ ಅದರ ಶಕ್ತಿ ಶಾಖವಾಗಿ ಘನವಸ್ತುವಿಗೆ ಇಳಿಯುತ್ತದೆ, ನಿಜ. ಆದರೆ ಚಲನೆಯ ದಾರಿಗಳು ಮಾಯವಾಗುವುದಿಲ್ಲ, ವೇಷ ಬದಲಿಸುತ್ತವೆ.

ಕಾರ್ಬನ್ ಮಾನಾಕ್ಸೈಡನ್ನೇ ತೆಗೆದುಕೊಳ್ಳಿ. ಎರಡು ಪರಮಾಣು, ಆರು ಚಲನೆ. ಅನಿಲದಲ್ಲಿ ಮೂರು ಓಡಾಟ, ಎರಡು ತಿರುಗಾಟ, ಒಂದು ಕಂಪನ. ತಾಮ್ರದ (100) ಮುಖದ ಮೇಲೆ (ಹರಳಿನ ಯಾವ ಮುಖ ಎಂದು ಹೇಳುವ ಗುರುತು ಅದು) ಅಣು ಕಾರ್ಬನ್ ಕೆಳಗೆ, ಆಮ್ಲಜನಕ ಮೇಲೆ ಎಂಬಂತೆ ನೆಟ್ಟಗೆ ನಿಲ್ಲುತ್ತದೆ. ಆಗ ಆರೂ ಕಂಪನಗಳೇ. ಕಾರ್ಬನ್–ಆಮ್ಲಜನಕ ಬಂಧದ ಹಿಗ್ಗು-ಕುಗ್ಗು 2086ರಲ್ಲಿ, ಇಡೀ ಅಣು ತಾಮ್ರದ ಮೇಲೆ ಪುಟಿಯುವುದು 345ರಲ್ಲಿ. ಅನಿಲದಲ್ಲಿದ್ದ ಎರಡು ತಿರುಗಾಟಗಳು 285ರಲ್ಲಿ ಬುಡ-ತಲೆ ಅಲ್ಲಾಡುವ ಓಲಾಟವಾಗುತ್ತವೆ. ಪಕ್ಕಕ್ಕೆ ಜರುಗುವ ಎರಡು ಓಡಾಟಗಳು ಬರೀ 32ರಲ್ಲಿ ತೊನೆಯುವಿಕೆಯಾಗುತ್ತವೆ. ಗೂಟಕ್ಕೆ ಕಟ್ಟಿದ ಕರು ಹಗ್ಗದಳತೆಯಲ್ಲೇ ಅತ್ತಿತ್ತ ಎಳೆದಾಡಿದ ಹಾಗೆ.

ಇದು ಬಿಗಿಯಾಗಿ ಅಂಟಿದಾಗಿನ ಮಾತು. ಸಡಿಲವಾಗಿ ಅಂಟಿದರೆ ಬೇರೆಯೇ ಆಟ. ನೆಲದ ಮೇಲಿನ ಬುಗುರಿಯಂತೆ ಮೇಲ್ಮೈಗೆ ಸಮಾಂತರವಾಗಿ ಮಲಗಿ ಸುತ್ತುವುದು ಅಣುವಿಗೆ ಸುಲಭ, ಏಕೆಂದರೆ ಎರಡೂ ತುದಿ ಮೇಲ್ಮೈಯ ಹಿಡಿತದಲ್ಲೇ ಉಳಿಯುತ್ತವೆ. ಬಂಡಿಚಕ್ರದಂತೆ ತಲೆಕೆಳಗಾಗಿ ಉರುಳಬೇಕಾದರೆ ಒಂದು ತುದಿ ಮೇಲೇಳಬೇಕು, ಹಿಡಿತ ತಪ್ಪಬೇಕು. ಅದಕ್ಕೆ ಶಕ್ತಿ ಹೆಚ್ಚು ತಗಲುತ್ತದೆ. ಗ್ರಾಫೈಟ್ ಮೇಲಿನ ಸಾರಜನಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 77 ಕೆಲ್ವಿನ್‌ನಲ್ಲಿ ಅಣುಗಳು ಹೆಚ್ಚುಕಡಿಮೆ ಮಲಗಿಯೇ ಇದ್ದು ದಿಕ್ಕು ಮಾತ್ರ ಬದಲಿಸುತ್ತಿರುತ್ತವೆ. ಸುಮಾರು 27–28 ಕೆಲ್ವಿನ್‌ಗಿಂತ ಕೆಳಗೆ ತಣಿಸಿದರೆ, ಅಂಗಳಕ್ಕೆ ಓರೆಯೋರೆಯಾಗಿ ಇಟ್ಟಿಗೆ ಹಾಸಿದಂತೆ ಸಾಲುಗಟ್ಟಿ ದಿಕ್ಕು ಹಿಡಿದು ಕೂರುತ್ತವೆ.

ಯಾವ ಅಣು ಯಾವ ಆಟ ಆಡುತ್ತದೆ ಎಂದು ತೀರ್ಮಾನಿಸಲು ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡಿ: ತಿರುಗಲು ಅಡ್ಡಬರುವ ಶಕ್ತಿಯ ದಿಬ್ಬ, ಆ ಉಷ್ಣತೆಯಲ್ಲಿ ಸಿಗುವ ಉಷ್ಣಶಕ್ತಿ (300 ಕೆಲ್ವಿನ್‌ನಲ್ಲಿ 26 ಮಿಲಿ ಎಲೆಕ್ಟ್ರಾನ್ ವೋಲ್ಟ್, 77ರಲ್ಲಿ 6.6), ಮತ್ತು ಅಣುವಿನ ಸ್ವಂತ ತಿರುಗಾಟದ ಶಕ್ತಿಮಟ್ಟಗಳ ಅಂತರ. ದಿಬ್ಬ ಉಷ್ಣಶಕ್ತಿಗಿಂತ ಬಹಳ ಎತ್ತರವಿದ್ದರೆ ಓಲಾಟ, ಆಗೊಮ್ಮೆ ಈಗೊಮ್ಮೆ ಪಕ್ಕದ ದಿಕ್ಕಿಗೆ ಒಂದು ಜಿಗಿತ. ದಿಬ್ಬ ತಗ್ಗಿದ್ದರೆ ಸುತ್ತಾಟ. ಮೂರನೆಯ ಅಂಕಿಯ ಕಥೆ ಜಲಜನಕದ ಪ್ರಶ್ನೆಯಲ್ಲಿ ಬರುತ್ತದೆ.

ಎಚ್-ಝಡ್‌ಎಸ್‌ಎಂ-5 ಎಂಬ ಝಿಯೊಲೈಟಿಗೆ (ಅಣುಗಾತ್ರದ ರಂಧ್ರಗಳಿರುವ ಘನವಸ್ತು) ತಾಮ್ರ ಸೇರಿಸಿ, ಕಾರ್ಬನ್ ಮಾನಾಕ್ಸೈಡ್ ಬಿಟ್ಟು ಅವಕೆಂಪು ರೋಹಿತ ತೆಗೆದೆ. 2116 ಮತ್ತು 2173ರಲ್ಲಿ ಎರಡು ಚೆಂದದ ಉಬ್ಬು. ಮೊದಲನೆಯದು ಏಕವೇಲೆನ್ಸಿ ತಾಮ್ರದ್ದು, ಎರಡನೆಯದು ಆಮ್ಲೀಯ ಹೈಡ್ರಾಕ್ಸಿಲ್‌ನದು (ಮೇಲ್ಮೈಯ ಆಮ್ಲಜನಕ–ಜಲಜನಕ ಜೋಡಿ) ಎಂದು ಬರೆದೆ. ಮಾರ್ಗದರ್ಶಕರು ಒಪ್ಪುತ್ತಿಲ್ಲ.
(ಸಂಶೋಧನಾ ವಿದ್ಯಾರ್ಥಿ, ಮಂಗಳೂರು)

ಒಪ್ಪದಿದ್ದುದೇ ಒಳ್ಳೆಯದಾಯಿತು. ಆ ಎರಡು ಉಬ್ಬು ಬಹುಮಟ್ಟಿಗೆ ಯಾವುದಕ್ಕೂ ಅಂಟದೆ, ಮಾದರಿಯಿಟ್ಟ ಕೋಶದಲ್ಲಿ ಸುಮ್ಮನೆ ತಿರುಗುತ್ತಿರುವ ಅನಿಲದ್ದು.

ಕಾರಣ ಹೀಗಿದೆ. ಅನಿಲದಲ್ಲಿ ಈ ಅಣುವಿನ ಕಂಪನ 2143ರಲ್ಲಿ. ಆದರೆ ಕಂಪನದ ಜತೆ ತಿರುಗಾಟವೂ ಒಂದು ಮೆಟ್ಟಿಲು, ಅಂದರೆ ಒಂದು ಶಕ್ತಿಮಟ್ಟ, ಏರಲೇಬೇಕು, ಇಲ್ಲವೆ ಇಳಿಯಲೇಬೇಕು. ಹಾಗಾಗಿ ನಡುವಿನ 2143 ಖಾಲಿ. ಅದರ ಎರಡೂ ಬದಿಗೆ ಸುಮಾರು 3.8ರ ಅಂತರದಲ್ಲಿ ಬಾಚಣಿಗೆ ಹಲ್ಲಿನಂಥ ಸಾಲುಗೆರೆಗಳು. ಕೋಣೆಯ ಉಷ್ಣತೆಯಲ್ಲಿ ಅತಿ ಹೆಚ್ಚು ಅಣುಗಳಿರುವುದು ಏಳನೆಯ ಮೆಟ್ಟಿಲಿನಲ್ಲಿ. ಲೆಕ್ಕ ಹಾಕಿ: ಮೇಲಿನ ಬದಿ 2143ಕ್ಕೆ 8 × 3.86 ಕೂಡಿಸಿದರೆ ಸುಮಾರು 2174; ಕೆಳಗಿನ ಬದಿ 7 × 3.86 ಕಳೆದರೆ 2116. ನಿಮ್ಮ ಯಂತ್ರ 4ರ ಪೃಥಕ್ಕರಣದಲ್ಲಿ (ಹತ್ತಿರದ ಗೆರೆಗಳನ್ನು ಬೇರ್ಪಡಿಸಿ ತೋರಿಸುವ ಅಳತೆ) ಓಡಿದ್ದರೆ 3.8ರ ಅಂತರದ ಹಲ್ಲುಗಳು ಬೇರೆಬೇರೆಯಾಗಿ ಕಾಣುವುದಿಲ್ಲ, ಒಂದಕ್ಕೊಂದು ಕಲಸಿ ಎರಡು ನುಣ್ಣನೆಯ ಗುಡ್ಡಗಳಾಗುತ್ತವೆ. ನಿಮ್ಮ ದುರದೃಷ್ಟಕ್ಕೆ ಒಂದು ಗುಡ್ಡ ತಾಮ್ರದ ಪಟ್ಟಿಗಳು ಬರುವ ವಲಯದಲ್ಲಿ, ಇನ್ನೊಂದು ಈ ಝಿಯೊಲೈಟಿನ ಆಮ್ಲೀಯ ಹೈಡ್ರಾಕ್ಸಿಲ್ ಉತ್ತರ ಕೊಡುವ 2175ರ ಹತ್ತಿರವೇ ಕೂತಿದೆ.

ಹೀಗೆ ಪರೀಕ್ಷಿಸಿ. ಮೊದಲು ಪೃಥಕ್ಕರಣವನ್ನು 1ಕ್ಕೆ, ಸಾಧ್ಯವಾದರೆ 0.5ಕ್ಕೆ ಇಳಿಸಿ ಅದೇ ಒತ್ತಡದಲ್ಲಿ ಮತ್ತೆ ತೆಗೆಯಿರಿ. ಹಲ್ಲುಗಳು ಕಂಡರೆ ಅನಿಲ. ಅಂಟಿಕೊಂಡ ಅಣುವಿಗೆ ಮುಕ್ತ ತಿರುಗಾಟವಿಲ್ಲದ್ದರಿಂದ ಅದಕ್ಕೆ ಆ ಎರಡು ಬದಿಯ ಗುಡ್ಡಗಳೂ ಇಲ್ಲ, ಒಂದೇ ಪಟ್ಟಿ ಇರುತ್ತದೆ. ಆಮೇಲೆ ಹೈಡ್ರಾಕ್ಸಿಲ್ ಕಡೆ ಕಣ್ಣು ಹಾಯಿಸಿ. 2175 ನಿಜವಾಗಿ ಅಂಟಿದ್ದೇ ಆಗಿದ್ದರೆ 3610ರ ಸುತ್ತಲಿನ ಪಟ್ಟಿ ಕುಗ್ಗಿ, 3300ರ ಆಸುಪಾಸಿನಲ್ಲಿ ಅಗಲವಾದ ಹೊಸ ಉಬ್ಬು ಏಳಬೇಕು. 3610 ಅಲುಗದೆ ಇದ್ದು 2173 ಮಾತ್ರ ಬೆಳೆದಿದ್ದರೆ ಅದನ್ನು ಹೈಡ್ರಾಕ್ಸಿಲ್ ಲೆಕ್ಕಕ್ಕೆ ಬರೆಯಬೇಡಿ. ಕೋಣೆಯ ಉಷ್ಣತೆಯಲ್ಲಿ ಆ ಬಂಧ ನಿಲ್ಲುವಷ್ಟು ಗಟ್ಟಿಯೂ ಅಲ್ಲ. ಅದನ್ನು ನೋಡಲು ದ್ರವ ಸಾರಜನಕದಿಂದ ತಣಿಸಲೇಬೇಕು. ಏಕವೇಲೆನ್ಸಿ ತಾಮ್ರದ ಹಿಡಿತ ಗಟ್ಟಿ, ಕೋಣೆಯ ಉಷ್ಣತೆಯಲ್ಲಿ ಅನಿಲವನ್ನು ಹೊರಗೆಳೆದ ಮೇಲೂ ಅದರ ಪಟ್ಟಿ ಉಳಿಯುತ್ತದೆ. ಹಾಗೆ ಉಳಿದದ್ದಷ್ಟೇ ತಾಮ್ರದ ಪಾಲು.

ಖಾಲಿ ಕೋಶದ ರೋಹಿತವನ್ನು ಕಳೆದರೆ ಸಾಕಲ್ಲವೇ ಎಂದು ಕೇಳಬಹುದು. ಸಾಕು, ಉಷ್ಣತೆಯೂ ಒಂದೇ ಆಗಿದ್ದರೆ. 100 ಕೆಲ್ವಿನ್‌ಗೆ ತಣಿಸಿದಾಗ ಅಣುಗಳು ಕೆಳಗಿನ ಮೆಟ್ಟಿಲುಗಳಿಗೆ ಇಳಿದು ಗುಡ್ಡಗಳು 2128 ಮತ್ತು 2162ಕ್ಕೆ ಹತ್ತಿರವಾಗುತ್ತವೆ. ಕೋಣೆಯ ಉಷ್ಣತೆಯ ಖಾಲಿ ರೋಹಿತವನ್ನು ಇದರಿಂದ ಕಳೆದರೆ ಏರು-ಇಳಿತದ ಸುಳ್ಳು ಗುರುತುಗಳು ಉಳಿದು, ಅವಕ್ಕೂ ಯಾರಾದರೂ ಹೆಸರಿಟ್ಟುಬಿಡುತ್ತಾರೆ. ಕಿಟಕಿಯ ಬಳಿಯ ಅನಿಲ ಬೆಚ್ಚಗೆ, ಮಾದರಿಯ ಬಳಿಯದು ತಣ್ಣಗೆ ಇರುವ ಕೋಶಗಳಲ್ಲಿ ಪೂರ್ತಿ ಕಳೆಯಲು ಆಗುವುದೇ ಇಲ್ಲ. ಅಲ್ಲಿ ಒತ್ತಡವನ್ನೇ ಕಡಿಮೆ ಇಡುವುದು ಜಾಣತನ: ಅಳೆದ ಚಿಕ್ಕಚಿಕ್ಕ ಗುಟುಕುಗಳಲ್ಲಿ ಅನಿಲ ಬಿಡಿ, ಪ್ರತಿ ಗುಟುಕಿಗೂ ರೋಹಿತ ತೆಗೆಯಿರಿ. ನಿಜವಾದ ಪಟ್ಟಿಗಳು ಮೊದಲ ಗುಟುಕುಗಳಲ್ಲೇ ಏಳುತ್ತವೆ, ಅನಿಲದ ಗುಡ್ಡಗಳು ಕೊನೆಗೆ.

ಪುಡಿಯನ್ನು ಒತ್ತಿ ಮಾಡುವ ಬಿಲ್ಲೆಯ ಬಗ್ಗೆ ಎರಡು ಮಾತು. 13 ಮಿ.ಮೀ. ಅಚ್ಚಿಗೆ 13ರಿಂದ 20 ಮಿಲಿಗ್ರಾಂ ಪುಡಿ ಸಾಕು. ಹೆಚ್ಚು ಹಾಕಿದರೆ ಬೆಳಕು ಹಾಯುವುದಿಲ್ಲ, ಹೆಚ್ಚು ಒತ್ತಿದರೆ ರಂಧ್ರಗಳಿಗೆ ಪೆಟ್ಟು. 400–450 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿರ್ವಾತದಡಿ ನೀರು ಹೋಗಿಸದೆ ಅನಿಲ ಬಿಡಬೇಡಿ; ನೀರು ಕೂತ ಜಾಗಕ್ಕೆ ಕಾರ್ಬನ್ ಮಾನಾಕ್ಸೈಡ್ ಬರುವುದಿಲ್ಲ. ಉಕ್ಕಿನ ಸಿಲಿಂಡರಿನಲ್ಲಿ ಬಹುಕಾಲ ಇಟ್ಟ ಈ ಅನಿಲದಲ್ಲಿ ಕಬ್ಬಿಣದ ಕಾರ್ಬೊನಿಲ್ ಸೇರಿಕೊಂಡಿರುತ್ತದೆ, 2013 ಮತ್ತು 2034ರಲ್ಲಿ ತಲೆ ಹಾಕುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ತರಿಸಿ, ಇಲ್ಲವೆ ದಾರಿಯಲ್ಲಿ ಒಂದು ತಣ್ಣನೆಯ ಬಲೆ ಇಡಿ. ಬಣ್ಣವೂ ವಾಸನೆಯೂ ಇಲ್ಲದ ವಿಷ ಇದು. ಎಚ್ಚರಿಕೆ ಗಂಟೆ ಇಲ್ಲದ ಕೋಣೆಯಲ್ಲಿ ಕವಾಟ ತೆರೆಯಬಾರದು.

ಜಲಜನಕ ಮಾತ್ರ ಅಂಟಿಕೊಂಡರೂ ಸ್ವತಂತ್ರವಾಗಿ ತಿರುಗುತ್ತದೆ ಎನ್ನುತ್ತಾರೆ. ಏನು ವಿಶೇಷ? ಇದಕ್ಕೂ ರಾಕೆಟ್ಟಿನ ದ್ರವ ಜಲಜನಕಕ್ಕೂ ಸಂಬಂಧವಿದೆಯಂತೆ, ಹೌದೇ?
(ನಿವೃತ್ತ ಎಂಜಿನಿಯರ್, ಬೆಂಗಳೂರು)

ಎರಡೂ ಹೌದು.

ಜಲಜನಕ ಅತಿ ಹಗುರ. ಹಗುರವಾದಷ್ಟೂ ತಿರುಗಾಟದ ಮೆಟ್ಟಿಲುಗಳು ದೂರದೂರ. ಸೊನ್ನೆಯ ಮೆಟ್ಟಿಲಿನಿಂದ ಒಂದಕ್ಕೆ 14.7 ಮಿಲಿ ಎಲೆಕ್ಟ್ರಾನ್ ವೋಲ್ಟ್; ಸಾರಜನಕದಲ್ಲಿ ಇದೇ ಅಂತರ ಅರ್ಧ ಮಿಲಿ. ಇಂಗಾಲ, ಝಿಯೊಲೈಟ್, ಜಡ ಲೋಹದ ಮೇಲೆ ಜಲಜನಕದ ತಿರುಗಾಟಕ್ಕೆ ಎದುರಾಗುವ ದಿಬ್ಬ ಸಾಮಾನ್ಯವಾಗಿ ಈ ಮೆಟ್ಟಿಲಿಗಿಂತ ತಗ್ಗು. ಸೊನ್ನೆಯ ಮೆಟ್ಟಿಲಿನಲ್ಲಿರುವ ಅಣುವಂತೂ ಕ್ವಾಂಟಂ ಲೆಕ್ಕದಲ್ಲಿ ದುಂಡಗಿನ ಗೋಲಿ. ಅದಕ್ಕೆ ದಿಕ್ಕೇ ಇಲ್ಲದ ಮೇಲೆ ಮೇಲ್ಮೈ ಹಿಡಿಯುವುದೇನನ್ನು? 2013ರಲ್ಲಿ ಎರಡು ತಂಡಗಳು ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದ (ಚೂಪು ಮೊನೆಯಿಂದ ಮೇಲ್ಮೈಗೆ ಹರಿಯುವ ವಿದ್ಯುತ್ತಿನಿಂದ ಒಂದೊಂದು ಅಣುವನ್ನೂ ಕಾಣುವ ಉಪಕರಣ) ಮೊನೆಯಡಿ ಜಲಜನಕವಿಟ್ಟು, ಸೊನ್ನೆಯಿಂದ ಎರಡನೇ ಮೆಟ್ಟಿಲಿಗೆ ಏರುವ ಶಕ್ತಿ ಅಳೆದವು. ಬಂದದ್ದು ಸುಮಾರು 44 ಮಿಲಿ ಎಲೆಕ್ಟ್ರಾನ್ ವೋಲ್ಟ್, ಹೆಚ್ಚುಕಡಿಮೆ ಅನಿಲದಲ್ಲಿನ ಬೆಲೆಯೇ. ಪುಡಿ ಮಾದರಿಯಾದರೆ ನ್ಯೂಟ್ರಾನ್ ಹಾಯಿಸಿ 14.7ರ ಗೆರೆ ನೋಡುತ್ತಾರೆ: ಒಂಟಿಯಾಗಿ ನಿಂತಿದ್ದರೆ ತಿರುಗಾಟ ಮುಕ್ತ, ಸೀಳಿದ್ದರೆ ಆ ಜಾಗದಲ್ಲಿ ಹಿಡಿತವಿದೆ. ಸೀಳು ಎಷ್ಟು ಅಗಲವೋ ಹಿಡಿತ ಅಷ್ಟು ಬಲ.

ಈಗ ರಾಕೆಟ್. ಸರಿ ಮೆಟ್ಟಿಲುಗಳಲ್ಲಿರುವ ಜಲಜನಕ ಪ್ಯಾರಾ, ಬೆಸ ಮೆಟ್ಟಿಲುಗಳಲ್ಲಿರುವುದು ಆರ್ಥೊ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡು ಪ್ರೋಟಾನ್‌ಗಳ ಗಿರಕಿಯ (ಸ್ಪಿನ್) ಜೋಡಣೆಯೇ ಬದಲಾಗಬೇಕು, ಹಾಗಾಗಿ ದಾಟು ಬಹಳ ನಿಧಾನ. ಕೋಣೆಯ ಉಷ್ಣತೆಯಲ್ಲಿ ಮುಕ್ಕಾಲು ಪಾಲು ಆರ್ಥೊ. 20 ಕೆಲ್ವಿನ್‌ನಲ್ಲಿ ಶೇಕಡ 99.8 ಪ್ಯಾರಾ ಇರಬೇಕು. ಅವಸರದಿಂದ ದ್ರವ ಮಾಡಿ ತೊಟ್ಟಿಗೆ ತುಂಬಿದರೆ ಆರ್ಥೊ ಒಳಗೇ ಉಳಿದು, ದಿನಗಟ್ಟಲೆ ನಿಧಾನವಾಗಿ ಪ್ಯಾರಾ ಆಗುತ್ತ ಶಾಖ ಬಿಡುತ್ತದೆ. ಪೂರ್ತಿ ಬದಲಾದರೆ ಕಿಲೋಗ್ರಾಂಗೆ ಸುಮಾರು 527 ಕಿಲೋಜೌಲ್. ಒಂದು ಕಿಲೋ ದ್ರವ ಕುದಿದು ಆವಿಯಾಗಲು ಬೇಕಾದದ್ದು 446. ಅಂದರೆ ತೊಟ್ಟಿಯ ಹೊದಿಕೆ ಎಷ್ಟೇ ಚೆನ್ನಾಗಿರಲಿ, ಜಲಜನಕ ತನ್ನನ್ನು ತಾನೇ ಕುದಿಸಿಕೊಳ್ಳುತ್ತದೆ.

ಪರಿಹಾರ ಮೇಲ್ಮೈಯಲ್ಲಿದೆ. 1929ರಲ್ಲಿ ಬೊನ್‌ಹೋಫರ್ ಮತ್ತು ಹಾರ್ಟೆಕ್ ತಣ್ಣನೆಯ ಇದ್ದಿಲಿನ ಮೇಲೆ ಜಲಜನಕವನ್ನು ಇಟ್ಟು ಪ್ಯಾರಾ ತಯಾರಿಸಿದರು. ಇಂದಿನ ದ್ರವೀಕರಣ ಸ್ಥಾವರಗಳಲ್ಲಿ ಜಲಯುಕ್ತ ಕಬ್ಬಿಣದ ಆಕ್ಸೈಡ್ ತುಂಬಿದ ಕೊಳವೆಗಳ ಮೂಲಕ, ತಣಿಸುವ ಹಂತಗಳಲ್ಲೇ ಅನಿಲ ಹಾಯುತ್ತದೆ. ಕಬ್ಬಿಣದ ಅಯಾನಿನ ಕಾಂತಕ್ಷೇತ್ರ ಪರಮಾಣುವಿನಷ್ಟು ಹತ್ತಿರದಲ್ಲಿ ತೀರ ಅಸಮವಾಗಿರುವುದರಿಂದ, ಅಂಟಿಕೊಂಡ ಅಣುವಿನ ಎರಡು ಪ್ರೋಟಾನ್‌ಗಳು ಬೇರೆಬೇರೆ ಎಳೆತಕ್ಕೆ ಸಿಕ್ಕಿ ಗಿರಕಿ ಮಗುಚುತ್ತದೆ. ಆ ಪುಡಿಗೆ ತೇವ ಹಿಡಿದರೆ ಅಂಟುವ ಜಾಗ ಮುಚ್ಚಿ ಕೆಲಸ ನಿಲ್ಲುತ್ತದೆ, ಹಾಗಾಗಿ ಬಳಸುವ ಮುನ್ನ ಬಿಸಿ ಮಾಡಿ ಒಣಗಿಸಬೇಕು. ಪರಿವರ್ತನೆಯನ್ನು ಆದಷ್ಟು ಮೇಲಿನ ಉಷ್ಣತೆಯಿಂದಲೇ ಶುರುಮಾಡುವುದೂ ಲೆಕ್ಕಾಚಾರದ ಮಾತೇ: ಅದೇ ಶಾಖವನ್ನು 20 ಕೆಲ್ವಿನ್‌ನಲ್ಲಿ ಹೊರಗೆಳೆಯಲು 77ರಲ್ಲಿ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ವಿದ್ಯುತ್ ಬೇಕು.

ತಿರುಗಾಟ ಅಂಟಿಕೊಳ್ಳುವ ಬಲಕ್ಕೂ ಒಂದಿಷ್ಟು ವ್ಯತ್ಯಾಸ ತರುತ್ತದೆ. ದುಂಡಗಿರುವ ಪ್ಯಾರಾಕ್ಕಿಂತ, ಅನುಕೂಲದ ದಿಕ್ಕಿಗೆ ತಿರುಗಿ ಕೂರಬಲ್ಲ ಆರ್ಥೊ ಸ್ವಲ್ಪ ಬಿಗಿಯಾಗಿ ಹಿಡಿಯುತ್ತದೆ. ಅಲ್ಯೂಮಿನಾ ತುಂಬಿದ ಕೊಳವೆಯನ್ನು 77 ಕೆಲ್ವಿನ್‌ನಲ್ಲಿಟ್ಟು ಎರಡನ್ನೂ ಬಿಟ್ಟರೆ ಪ್ಯಾರಾ ಮೊದಲು ಹೊರಬರುತ್ತದೆ.

ಅಂಟಿದ ಅನಿಲದ ಅಣುಗಳನ್ನು ಎಣಿಸಿ ಪುಡಿಯ ಮೇಲ್ಮೈ ವಿಸ್ತೀರ್ಣ ಅಳೆಯುವ ಬಿಇಟಿ ವಿಧಾನದಲ್ಲಿ ಸಾರಜನಕದ ಅಣುವಿಗೆ 0.162 ಚದರ ನ್ಯಾನೊಮೀಟರ್ ಜಾಗ ಎಂದು ಎಲ್ಲ ಯಂತ್ರಗಳಲ್ಲೂ ತುಂಬಿರುತ್ತಾರೆ. ನಮ್ಮ ಸಿಲಿಕಾಗೆ ಆರ್ಗಾನ್ ಬಳಸಿದಾಗ ವಿಸ್ತೀರ್ಣ ಕಡಿಮೆ ಬಂತು. ಯಾವುದು ಸರಿ?
(ಗುಣಮಟ್ಟ ಪರೀಕ್ಷಕರು, ತುಮಕೂರು)

ಸಿಲಿಕಾದ ಮೇಲೆ ಹೈಡ್ರಾಕ್ಸಿಲ್‌ಗಳಿದ್ದರೆ ಆರ್ಗಾನ್ ಕಡೆಗೆ ನಮ್ಮ ಒಲವು. 0.162 ಎಂಬುದು ದ್ರವ ಸಾರಜನಕದ ಸಾಂದ್ರತೆಯಿಂದ ಬಂದ ಅಂಕಿ. ಅಣು ಎಲ್ಲ ದಿಕ್ಕಿಗೂ ಸಮನಾಗಿ ತಿರುಗುತ್ತಿದೆ ಎಂಬ ನಂಬಿಕೆ ಅದರೊಳಗೆ ಅಡಗಿದೆ. ಗ್ರಾಫೈಟ್ ಮೇಲೆ ಮಲಗಿದಾಗ ಅಣುವಿಗೆ 0.157 ಸಿಗುತ್ತದೆ, ದೊಡ್ಡ ತಪ್ಪೇನಿಲ್ಲ. ಆದರೆ ಸಾರಜನಕದ ವಿದ್ಯುದಾವೇಶ ಎರಡು ತುದಿ, ನಡು ಎಂದು ಹಂಚಿಹೋಗಿರುವುದರಿಂದ ಹೈಡ್ರಾಕ್ಸಿಲ್ ಕಂಡರೆ ಅಣು ತುದಿಯನ್ನು ಅದಕ್ಕೆ ಕೊಟ್ಟು ಎದ್ದು ನಿಲ್ಲುತ್ತದೆ. ನಿಂತವನಿಗೆ ಮಲಗಿದವನಷ್ಟು ಚಾಪೆ ಬೇಡ: ಸುಮಾರು 0.135 ಸಾಕು. ಅಷ್ಟೇ ಜಾಗದಲ್ಲಿ ಹೆಚ್ಚು ಅಣು ಹಿಡಿಸುತ್ತವೆ, ಯಂತ್ರ ಪ್ರತಿಯೊಂದನ್ನೂ 0.162ರಿಂದ ಗುಣಿಸುತ್ತದೆ, ನಿಜವಾದ 100 ಚದರ ಮೀಟರು 120 ಎಂದು ಅಚ್ಚಾಗುತ್ತದೆ.

ಆರ್ಗಾನ್ ಒಂಟಿ ಪರಮಾಣು. ಅದಕ್ಕೆ ಮಲಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿಯ 2015ರ ಶಿಫಾರಸು ಈ ಕಾರಣಕ್ಕೇ 87 ಕೆಲ್ವಿನ್‌ನಲ್ಲಿ ಆರ್ಗಾನ್ ಬಳಸಿ, 0.142 ಚದರ ನ್ಯಾನೊಮೀಟರ್ ಇಟ್ಟುಕೊಳ್ಳಿ ಎನ್ನುತ್ತದೆ. ಉಷ್ಣತೆಯಲ್ಲಿ ರಾಜಿ ಬೇಡ. ಕೈಗೆ ಸಿಕ್ಕಿತೆಂದು ದ್ರವ ಸಾರಜನಕದಲ್ಲೇ ಆರ್ಗಾನ್ ಓಡಿಸಿದರೆ 77 ಕೆಲ್ವಿನ್ ಆರ್ಗಾನ್ ಹೆಪ್ಪುಗಟ್ಟುವ 83.8ಕ್ಕಿಂತ ಕೆಳಗಾಯಿತು, ಪದರ ದ್ರವದಂತಿದೆಯೋ ಘನದಂತಿದೆಯೋ ಎಂಬ ಹೊಸ ತಕರಾರು ಹುಟ್ಟುತ್ತದೆ. ದ್ರವ ಆರ್ಗಾನ್ ಇಲ್ಲವೆ 87ರಲ್ಲಿ ನಿಲ್ಲಿಸುವ ಶೀತಕ ಬೇಕು.

ಅದಿಲ್ಲದಿದ್ದರೆ ಸಾರಜನಕದಲ್ಲೇ ಮುಂದುವರಿಯಿರಿ. ಒಂದೇ ಬಗೆಯ ಸಿಲಿಕಾಗಳನ್ನು ಒಂದಕ್ಕೊಂದು ಹೋಲಿಸಲು ಅಡ್ಡಿಯಿಲ್ಲ, ಏಕೆಂದರೆ ತಪ್ಪು ಎಲ್ಲದರಲ್ಲೂ ಸುಮಾರು ಒಂದೇ. ಆದರೆ ಒಂದು ಮಾದರಿಯನ್ನು 150 ಡಿಗ್ರಿಯಲ್ಲಿ, ಇನ್ನೊಂದನ್ನು ಹೈಡ್ರಾಕ್ಸಿಲ್ ಕಳಚಿ ಹೋಗುವಷ್ಟು ಹೆಚ್ಚು ಬಿಸಿಯಲ್ಲಿ ಅನಿಲಮುಕ್ತ ಮಾಡಿದರೆ ಆ ಹೋಲಿಕೆಯೂ ಕೆಟ್ಟಿತು. ಇಂಗಾಲವನ್ನೂ ಸಿಲಿಕಾವನ್ನೂ ಒಂದೇ ಕೋಷ್ಟಕದಲ್ಲಿ ದಶಮಾಂಶದವರೆಗೆ ಹೋಲಿಸುವವರನ್ನು ನಂಬಬೇಡಿ.

ಬಿಸಿ ಮಾಡಿ ಅಣುಗಳನ್ನು ಬಿಡಿಸುವ ಪ್ರಯೋಗದಲ್ಲಿ ಪೂರ್ವಗುಣಕ (ಬಿಟ್ಟು ಹಾರಲು ಅಣು ಸೆಕೆಂಡಿಗೆ ಎಷ್ಟು ಸಲ ಯತ್ನಿಸುತ್ತದೆ ಎಂಬಂಥ ಅಂಕಿ) 10¹³ ಎಂದು ಇಟ್ಟುಕೊಳ್ಳುವುದು ರೂಢಿ. ಅಣು ತಿರುಗುತ್ತದೋ ಓಲಾಡುತ್ತದೋ ಎಂಬುದರಿಂದ ಇದು ಬದಲಾಗುತ್ತದೆಯೇ?
(ಉಪನ್ಯಾಸಕರು, ಧಾರವಾಡ)

ಬದಲಾಗುತ್ತದೆ, ಅದೂ ಹಲವು ಪಟ್ಟು. ಮೇಲ್ಮೈಯಲ್ಲಿ ತಿರುಗಾಟ ಕಳೆದುಕೊಂಡ ಅಣು ಬಿಟ್ಟು ಹಾರುವಾಗ ಅದನ್ನು ಮರಳಿ ಪಡೆಯುತ್ತದೆ, ಎಂಟ್ರೊಪಿ (ಅಣುವಿಗೆ ತೆರೆದಿರುವ ಚಲನೆಯ ಬಗೆಗಳ ಅಳತೆ) ಏರುತ್ತದೆ, ಪೂರ್ವಗುಣಕ ಹಿಗ್ಗುತ್ತದೆ. ಸಾರಜನಕಕ್ಕೆ 298 ಕೆಲ್ವಿನ್‌ನಲ್ಲಿ ಇರುವ ಸುಮಾರು 191.5 ಜೌಲ್ ಎಂಟ್ರೊಪಿಯಲ್ಲಿ 41 ತಿರುಗಾಟದ್ದೇ. ಅಣುಗಳು ಅತಿ ಹೆಚ್ಚು ಬಿಡುವ ಉಷ್ಣತೆಯಿಂದ (ಶಿಖರ) ಬಿಡುವ ಶಕ್ತಿಯನ್ನು ಲೆಕ್ಕ ಹಾಕುವ ರೆಡ್‌ಹೆಡ್ ಸೂತ್ರದಲ್ಲಿ ಶಿಖರ 450 ಕೆಲ್ವಿನ್, ಬಿಸಿಯೇರಿಕೆ ಸೆಕೆಂಡಿಗೆ 2 ಕೆಲ್ವಿನ್ ಎಂದು ಹಾಕಿ ನೋಡಿ. 10¹³ಕ್ಕೆ 119 ಕಿಲೋಜೌಲ್ ಬರುತ್ತದೆ, 10¹⁵ಕ್ಕೆ 136. ರೂಢಿಯ ಬೆಲೆ 17 ಕಿಲೋಜೌಲ್ ನುಂಗಿತು. ಒಂದೇ ಶಿಖರದಿಂದ ಶಕ್ತಿ ಹೇಳುವ ಬದಲು ಬಿಸಿಯೇರಿಕೆಯನ್ನು ಹತ್ತು ಪಟ್ಟಾದರೂ ಬದಲಿಸಿ ಎರಡನ್ನೂ ಪ್ರಯೋಗದಿಂದಲೇ ತೆಗೆಯಿರಿ. ಅದು ಆಗದಿದ್ದರೆ ಕ್ಯಾಂಪ್‌ಬೆಲ್ ಮತ್ತು ಸೆಲ್ಲರ್ಸ್ 2012ರಲ್ಲಿ ಕೊಟ್ಟ ಅಂದಾಜು ಕೆಲಸಕ್ಕೆ ಬರುತ್ತದೆ: ಅಂಟಿದ ಅಣುವಿನ ಎಂಟ್ರೊಪಿ ಎಂದರೆ ಅನಿಲದ್ದರ 0.70 ಪಾಲಿನಿಂದ ಅನಿಲ ಸ್ಥಿರಾಂಕದ 3.3 ಪಟ್ಟನ್ನು ಕಳೆದದ್ದು.

ಗಣಕದಲ್ಲಿ ಲೆಕ್ಕ ಹಾಕುವವರಿಗೆ ಬೇರೆ ಬಲೆಯಿದೆ. ಸಡಿಲ ಓಲಾಟದ ತರಂಗಸಂಖ್ಯೆ ಒಂದು ಸಲ 10 ಬರುತ್ತದೆ, ಲೆಕ್ಕಕ್ಕೆ ಬಳಸಿದ ಬಿಂದುಗಳ ಜಾಲರಿ ಸ್ವಲ್ಪ ಬದಲಿಸಿದರೆ 50. ಕಂಪನ ಎಂದುಕೊಂಡರೆ 300 ಕೆಲ್ವಿನ್‌ನಲ್ಲಿ ಮೊದಲನೆಯದಕ್ಕೆ 34 ಜೌಲ್ ಎಂಟ್ರೊಪಿ, ಎರಡನೆಯದಕ್ಕೆ 20. ಅಷ್ಟಕ್ಕೇ ವೇಗ ಐದು ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ಅಂಥ ಓಲಾಟ ಕಂಡಾಗ ಅಣುವನ್ನು 10–15 ಡಿಗ್ರಿಯಂತೆ ತಿರುಗಿಸುತ್ತ ಶಕ್ತಿಯ ದಿಬ್ಬವನ್ನೇ ಅಳೆಯಿರಿ. ಅದು ಉಷ್ಣಶಕ್ತಿಗಿಂತ ತಗ್ಗಿದ್ದರೆ ಕಂಪನದ ಸೂತ್ರ ಬಿಟ್ಟು ತಡೆಯುಳ್ಳ ತಿರುಗಾಟದ ಸೂತ್ರ ಹಿಡಿಯಿರಿ.

ಮೇಲ್ಮೈ ಬಿಟ್ಟು ಹಾರಿದ ಅಣು ಮತ್ತೆ ಮೊದಲಿನ ಹಾಗೇ ತಿರುಗುತ್ತದೆಯೇ?
(ಓದುಗರು, ಹಾಸನ)

ಕೂಡಲೇ ಅಲ್ಲ. ರುಥೇನಿಯಂ ಮೇಲಿಂದ 455 ಕೆಲ್ವಿನ್‌ನಲ್ಲಿ ಹಾರಿದ ನೈಟ್ರಿಕ್ ಆಕ್ಸೈಡಿನ ತಿರುಗಾಟ ಸುಮಾರು 235 ಕೆಲ್ವಿನ್‌ನ ಅನಿಲದಷ್ಟೇ ಇತ್ತೆಂದು 1981ರಲ್ಲಿ ಲೇಸರಿನಿಂದ ಅಳೆದಿದ್ದಾರೆ. ಜೋರಾಗಿ ಉರುಳುವ ಅಣುವಿಗೆ ಬಿಡುವ ದಾರಿಯೂ ಅಂಟುವ ದಾರಿಯೂ ಕಷ್ಟ.

ಇದನ್ನೆಲ್ಲ ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ?
(ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ)

ಒಂದೊಂದೇ ಅಣುವಿನ ಮಟ್ಟದಲ್ಲಿ 1998ರಲ್ಲಿ ಕಂಡರು. ಸ್ಟೈಪ್, ರೆಝೈ ಮತ್ತು ಹೋ ಪ್ಲಾಟಿನಂ (111) ಮುಖದ ಮೇಲೆ ಒಂದೇ ಒಂದು ಆಮ್ಲಜನಕದ ಅಣುವನ್ನು 8 ಕೆಲ್ವಿನ್‌ನಲ್ಲಿಟ್ಟು ಟನೆಲಿಂಗ್ ಸೂಕ್ಷ್ಮದರ್ಶಕದಿಂದ ನೋಡಿದರು. ಅಣುವಿಗೆ 120 ಡಿಗ್ರಿ ಅಂತರದ ಮೂರು ಭಂಗಿ. ಮೊನೆಯಿಂದ ಎಲೆಕ್ಟ್ರಾನ್‌ಗಳನ್ನು ಹರಿಸಿದಾಗ ಒಂದು ಭಂಗಿಯಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು, ವಿದ್ಯುತ್ಪ್ರವಾಹದ ಗೆರೆಯಲ್ಲಿ ಪ್ರತಿ ಜಿಗಿತಕ್ಕೂ ಒಂದು ಮೆಟ್ಟಿಲು ಬೀಳುತ್ತಿತ್ತು. ಅದೇ ವರ್ಷ ಅವರೇ ತಾಮ್ರದ (100) ಮುಖದ ಮೇಲಿನ ಅಸಿಟಲೀನನ್ನು 90 ಡಿಗ್ರಿ ತಿರುಗಿಸಿದರು. ಎಲೆಕ್ಟ್ರಾನಿನ ಶಕ್ತಿ 358 ಮಿಲಿ ಎಲೆಕ್ಟ್ರಾನ್ ವೋಲ್ಟ್ ದಾಟಿದಾಗ ಜಿಗಿತ ಒಮ್ಮೆಲೇ ಹೆಚ್ಚಿತು. ಅದು ಕಾರ್ಬನ್–ಜಲಜನಕ ಬಂಧ ಕಂಪಿಸುವ ಶಕ್ತಿ. ಜಲಜನಕದ ಬದಲು ಭಾರದ ಡ್ಯೂಟೀರಿಯಂ ಹಾಕಿದಾಗ ಅದೇ ಹೊಸ್ತಿಲು 266ಕ್ಕೆ ಇಳಿಯಿತು. ಅಲುಗಿಸಿದ್ದು ಬಂಧವನ್ನು, ತಿರುಗಿದ್ದು ಅಣು. ತರಗತಿಯಲ್ಲಿ ಇದನ್ನು ತೋರಿಸಲು ಮೊಟ್ಟೆ ಇಡುವ ರಟ್ಟಿನ ತಟ್ಟೆ ಮತ್ತು ಎರಡು ಗೋಲಿ ಅಂಟಿಸಿದ ಕಡ್ಡಿ ಸಾಕು: ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಕಡ್ಡಿ ಕುಳಿಯಲ್ಲೇ ಓಲಾಡುತ್ತದೆ, ಜೋರಾಗಿ ಅಲ್ಲಾಡಿಸಿದರೆ ಪಕ್ಕದ ದಿಕ್ಕಿಗೆ ಜಿಗಿಯುತ್ತದೆ.